‘ಆರು ತಿಂಗಳು ಬಿಟ್ಟು ಬನ್ನಿ’ ಎಂದಾಗ: ಥೈರಾಯ್ಡ್ ಕ್ಯಾನ್ಸರ್ ಆಪರೇಷನ್ ನಂತರದ ಕಾಯುವ ದಿನಗಳು

ಪ್ರಶ್ನೆ: ನನಗೆ 36 ವರ್ಷ. ಹಾವೇರಿ ಜಿಲ್ಲೆಯಲ್ಲಿ ಪ್ರಾಥಮಿಕ ಶಾಲೆ ಶಿಕ್ಷಕಿ. ಐದು ತಿಂಗಳ ಹಿಂದೆ ಥೈರಾಯ್ಡ್ ಪೂರ್ತಿ ತೆಗೆದರು. ಬಯಾಪ್ಸಿ ರಿಪೋರ್ಟಿನಲ್ಲಿ ಪ್ಯಾಪಿಲರಿ ಕಾರ್ಸಿನೋಮಾ (ಥೈರಾಯ್ಡ್ ಕ್ಯಾನ್ಸರಿನ ಒಂದು ಬಗೆ), 1.8 ಸೆಂ.ಮೀ., ಅಂಚಿನಲ್ಲಿ ರೋಗವಿಲ್ಲ, ಪಕ್ಕದಿಂದ ತೆಗೆದ ಆರು ದುಗ್ಧರಸ ಗ್ರಂಥಿಗಳ ಪೈಕಿ ಎರಡರಲ್ಲಿ 2 ಮಿ.ಮೀ.ಗಿಂತ ಚಿಕ್ಕ ಕ್ಯಾನ್ಸರ್ ಕಣಗಳು ಎಂದಿದೆ. ರೇಡಿಯೋ ಅಯೋಡಿನ್ (ಉಳಿದ ಥೈರಾಯ್ಡ್ ಕಣಗಳನ್ನು ಸುಡುವ ವಿಕಿರಣ ಔಷಧ) ಬೇಡ ಎಂದರು. ಮೊನ್ನೆಯ ಪರೀಕ್ಷೆಯಲ್ಲಿ ಟಿಎಸ್‌ಎಚ್ (ಥೈರಾಯ್ಡ್ ಅನ್ನು ಪ್ರಚೋದಿಸುವ ಹಾರ್ಮೋನ್) 0.3, ಥೈರೋಗ್ಲೋಬ್ಯುಲಿನ್ (ಥೈರಾಯ್ಡ್ ಜೀವಕೋಶಗಳ ಪ್ರೋಟೀನ್) 0.6, ಆ್ಯಂಟಿಬಾಡಿ ಇಲ್ಲ. ಸ್ಕ್ಯಾನಿಂಗ್‌ನಲ್ಲಿ ಎಡಗಡೆ 6 ಮಿ.ಮೀ. ಗ್ರಂಥಿ ಇದೆಯಂತೆ. ‘ಈಗ ಏನೂ ಬೇಡ, ಆರು ತಿಂಗಳು ಬಿಟ್ಟು ಬನ್ನಿ’ ಎಂದರು. ಹೋಗಿದೆಯೋ ಇಲ್ಲವೋ ಯಾರೂ ಹೇಳುತ್ತಿಲ್ಲ. ರಾತ್ರಿ ಎರಡು ಗಂಟೆಗೆ ಎದ್ದು ಮೊಬೈಲ್ ನೋಡುತ್ತೇನೆ, ದಿನಕ್ಕೆ ಹತ್ತು ಸಲ ಕುತ್ತಿಗೆ ಮುಟ್ಟಿಕೊಳ್ಳುತ್ತೇನೆ. ಅತ್ತೆ ‘ಇದು ಒಳ್ಳೆ ಕ್ಯಾನ್ಸರ್ ಅಂತೆ, ಸುಮ್ಮನಿರು’ ಅನ್ನುತ್ತಾರೆ. ಒಂಬತ್ತು ವರ್ಷದ ಮಗಳಿಗೂ ಪರೀಕ್ಷೆ ಮಾಡಿಸಬೇಕೇ? ಎರಡನೇ ಮಗುವಿನ ಯೋಚನೆ ಬಿಡಬೇಕೇ? ಈ ಆರು ತಿಂಗಳು ಹೇಗೆ ಕಳೆಯಲಿ?

ಉತ್ತರ: ‘ಹೋಗಿದೆಯೋ ಇಲ್ಲವೋ’ ಎಂಬುದಕ್ಕೆ ಇವತ್ತು ಖಡಾಖಂಡಿತ ಉತ್ತರವನ್ನು ಯಾವ ವೈದ್ಯರೂ ಕೊಡಲಾರರು. ನಿಮ್ಮಿಂದ ಏನನ್ನೋ ಮುಚ್ಚಿಡುತ್ತಿದ್ದಾರೆ ಎಂದು ಇದರರ್ಥವಲ್ಲ. ಆ ಉತ್ತರ ಒಂದು ರಕ್ತಪರೀಕ್ಷೆಯಲ್ಲಿ ಸಿಗುವಂಥದ್ದಲ್ಲ, ಎರಡು ಮೂರು ಪರೀಕ್ಷೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ಸಿಗುವಂಥದ್ದು. ಆದರೆ ನೀವು ಹೊತ್ತು ತಿರುಗುತ್ತಿರುವ ಭಾರವೆಲ್ಲ ಆ ಒಂದು ಪ್ರಶ್ನೆಯದಲ್ಲ. ಅದರಲ್ಲಿ ಕೆಲವಕ್ಕೆ ಉತ್ತರ ಈಗಾಗಲೇ ನಿಮ್ಮ ಫೈಲಿನಲ್ಲೇ ಇದೆ, ಯಾರೂ ಕೂತು ಓದಿ ಹೇಳಿಲ್ಲ ಅಷ್ಟೇ. ಕೆಲವಕ್ಕೆ ಉತ್ತರ ಬರುವ ತಾರೀಕು ಇದೆ. ಇನ್ನು ಕೆಲವಕ್ಕೆ ಉತ್ತರವೇ ಇಲ್ಲ. ಇವೆಲ್ಲ ಒಂದೇ ಗಂಟಾಗಿ ಕಟ್ಟಿಕೊಂಡಿರುವುದರಿಂದ ರಾತ್ರಿ ಎರಡು ಗಂಟೆಗೆ ಎಲ್ಲವೂ ಒಟ್ಟಿಗೆ ಎದ್ದು ನಿಲ್ಲುತ್ತವೆ. ಮೊದಲು ಗಂಟು ಬಿಚ್ಚೋಣ.

ಫೈಲಿನಲ್ಲಿ ಈಗಾಗಲೇ ಇರುವ ಉತ್ತರ

ಬಯಾಪ್ಸಿ ರಿಪೋರ್ಟಿನ ಕೊನೆಯಲ್ಲಿ ಟಿ, ಎನ್ ಎಂಬ ಅಕ್ಷರಗಳ ಮುಂದೆ ಅಂಕಿಗಳಿರುತ್ತವೆ, ನೋಡಿ. ನೀವು ಬರೆದ ವಿವರದ ಪ್ರಕಾರ ಅದು ಟಿ1ಬಿ, ಎನ್1ಎ ಇರಬೇಕು. ಗಡ್ಡೆ 1ರಿಂದ 2 ಸೆಂ.ಮೀ. ಒಳಗೆ, ಥೈರಾಯ್ಡ್‌ನ ಪಕ್ಕದ ಗ್ರಂಥಿಗಳಲ್ಲಿ ಮಾತ್ರ ಕಣಗಳು ಎಂದು ಅರ್ಥ. 2018ರಿಂದ ಬಳಕೆಯಲ್ಲಿರುವ ಅಂತರರಾಷ್ಟ್ರೀಯ ವರ್ಗೀಕರಣದಲ್ಲಿ 55 ವರ್ಷದೊಳಗಿನವರಿಗೆ, ರೋಗ ದೂರದ ಅಂಗಗಳಿಗೆ ಹೋಗಿರದಿದ್ದರೆ, ಗ್ರಂಥಿಯಲ್ಲಿ ಕಣವಿದ್ದರೂ ಅದು ಮೊದಲನೇ ಹಂತವೇ. ‘ಗ್ರಂಥಿಗೆ ಹರಡಿದೆ’ ಎಂಬ ಮಾತು ಕೇಳಿ ಮೂರನೇ ಹಂತ, ನಾಲ್ಕನೇ ಹಂತ ಎಂದು ಅಂದುಕೊಳ್ಳುವವರು ಬಹಳ. ಬೇರೆ ಕ್ಯಾನ್ಸರ್‌ಗಳ ಲೆಕ್ಕವನ್ನು ಇಲ್ಲಿಗೆ ತರಬಾರದು.

ಹಂತ ಎನ್ನುವುದು ಜೀವದ ಅಪಾಯದ ಅಳತೆ. ಮರುಕಳಿಸುವ ಅಪಾಯದ ಅಳತೆ ಬೇರೆ. ಐದು ಅಥವಾ ಅದಕ್ಕಿಂತ ಕಡಿಮೆ ಗ್ರಂಥಿಗಳಲ್ಲಿ 2 ಮಿ.ಮೀ.ಗಿಂತ ಸಣ್ಣ ಕಣಗಳಿದ್ದವರನ್ನು ಅಮೆರಿಕನ್ ಥೈರಾಯ್ಡ್ ಅಸೋಸಿಯೇಷನ್‌ನ 2015ರ ಮಾರ್ಗಸೂಚಿ ‘ಕಡಿಮೆ ಅಪಾಯ’ದ ಗುಂಪಿಗೇ ಸೇರಿಸುತ್ತದೆ. ಇಂಥವರಲ್ಲಿ ರೋಗ ಮತ್ತೆ ಕಾಣಿಸಿಕೊಳ್ಳುವುದು ನೂರಕ್ಕೆ ಸುಮಾರು 5 ಜನರಲ್ಲಿ. ಕಾಣಿಸಿಕೊಂಡರೂ ಬಹುತೇಕ ಕುತ್ತಿಗೆಯ ಗ್ರಂಥಿಗಳಲ್ಲೇ, ಅಂದರೆ ಸ್ಕ್ಯಾನಿಂಗ್‌ಗೆ ಸುಲಭವಾಗಿ ಕಾಣುವ, ಕೈಗೆ ಎಟುಕುವ ಜಾಗದಲ್ಲಿ. ಆ ಐವರೂ ಸಾಯುವ ಐವರಲ್ಲ, ಇನ್ನೊಂದು ಚಿಕಿತ್ಸೆ ಬೇಕಾಗಬಹುದಾದ ಐವರು. ಈ ವ್ಯತ್ಯಾಸವನ್ನು ಬಿಡಿಸಿ ಹೇಳುವುದಕ್ಕೆ ಓಪಿಡಿಯಲ್ಲಿ ಸಮಯ ಸಿಗುವುದಿಲ್ಲ.

ಅತ್ತೆಯವರು ಹೇಳುವ ‘ಒಳ್ಳೆ ಕ್ಯಾನ್ಸರ್’ ಹುಟ್ಟಿದ್ದು ಈ ಅಂಕಿಗಳಿಂದಲೇ. ಅಂಕಿ ಸರಿ, ಮಾತು ತಪ್ಪು. ಕುತ್ತಿಗೆ ಕೊಯ್ಯಿಸಿಕೊಂಡು, ಬದುಕಿಡೀ ಮಾತ್ರೆ ನುಂಗಬೇಕಾದವರಿಗೆ ಅದನ್ನು ಒಳ್ಳೆಯದು ಅನ್ನುವುದು ‘ನಿನಗೆ ಹೆದರುವ ಹಕ್ಕಿಲ್ಲ’ ಎಂದಂತೆ ಕೇಳುತ್ತದೆ. ಹೆದರಿಕೆ ಆಗ ಕಡಿಮೆಯಾಗುವುದಿಲ್ಲ, ಬಾಯಿ ಮುಚ್ಚಿಕೊಳ್ಳುತ್ತದೆ. ಅವರಿಗೆ ಹೀಗೆ ಹೇಳಿ ನೋಡಿ: ‘ಅತ್ತೆ, ವಾಸಿಯಾಗೋದು ಅಂತ ನನಗೂ ಗೊತ್ತು. ಪರೀಕ್ಷೆ ಹತ್ತಿರ ಬಂದಾಗ ಮಾತ್ರ ಭಯ ಆಗುತ್ತೆ, ಆಗ ನನ್ನ ಜೊತೆ ಸ್ವಲ್ಪ ಕೂತ್ಕೊಳ್ಳಿ.’ ಜನಕ್ಕೆ ಮಾಡಲು ಒಂದು ಕೆಲಸ ಕೊಟ್ಟರೆ ಸಮಾಧಾನದ ಮಾತು ತಾನಾಗಿ ನಿಲ್ಲುತ್ತದೆ.

0.6 ಎಂಬ ಅಂಕಿ

ಥೈರೋಗ್ಲೋಬ್ಯುಲಿನ್ ಅನ್ನು ತಯಾರಿಸುವುದು ಥೈರಾಯ್ಡ್ ಜೀವಕೋಶ ಮಾತ್ರ, ಒಳ್ಳೆಯದೂ ಸೇರಿ. ಎಷ್ಟೇ ಚೆನ್ನಾಗಿ ಆಪರೇಷನ್ ಮಾಡಿದರೂ ಧ್ವನಿಯ ನರದ ಹತ್ತಿರ, ಕ್ಯಾಲ್ಸಿಯಂ ನೋಡಿಕೊಳ್ಳುವ ಪ್ಯಾರಾಥೈರಾಯ್ಡ್ ಗ್ರಂಥಿಗಳ ಹತ್ತಿರ ಅಕ್ಕಿಕಾಳಿನಷ್ಟು ಒಳ್ಳೆಯ ಅಂಗಾಂಶ ಉಳಿಯುವುದುಂಟು. ಆ ನರ, ಆ ಗ್ರಂಥಿ ಉಳಿಸಲೆಂದೇ ಶಸ್ತ್ರವೈದ್ಯರು ಅಲ್ಲಿ ಜಾಗ್ರತೆ ಮಾಡುತ್ತಾರೆ. ರೇಡಿಯೋ ಅಯೋಡಿನ್ ತಗೊಂಡವರಲ್ಲಿ ಆ ಉಳಿಕೆಯೂ ಸುಟ್ಟುಹೋಗುವುದರಿಂದ ಅಂಕಿ 0.2ಕ್ಕಿಂತ ಕೆಳಗೆ ಬರಬೇಕು ಎಂಬ ನಿರೀಕ್ಷೆ. ನೀವು ಅಯೋಡಿನ್ ತಗೊಂಡಿಲ್ಲ. ನಿಮ್ಮಂಥವರಲ್ಲಿ 0.2ರಿಂದ 5ರವರೆಗಿನ ಅಂಕಿಯನ್ನು ‘ಅನಿರ್ಧಾರಿತ’ ಎಂದು ಇಟ್ಟುಕೊಂಡು, ಅದು ಯಾವ ಕಡೆ ಸಾಗುತ್ತದೆ ಎಂದು ನೋಡುತ್ತಾರೆ. ಅಯೋಡಿನ್ ತಗೊಂಡವರ ಅಂಕಿಯ ಪಕ್ಕ ನಿಮ್ಮದನ್ನು ಇಟ್ಟರೆ ಭಯವಾಗದೆ ಇರದು. ಮೊಬೈಲಿನಲ್ಲಿ ನೀವು ಮಾಡುತ್ತಿರುವುದು ಬಹುಶಃ ಅದನ್ನೇ.

‘ಅನಿರ್ಧಾರಿತ’ ಎಂಬ ಗುಂಪಿನವರಲ್ಲಿ ಮುಂದೆ ರೋಗ ಕಾಣಿಸಿಕೊಳ್ಳುವುದು ನೂರಕ್ಕೆ 15ರಿಂದ 20 ಜನರಲ್ಲಿ ಎಂದು ಅದೇ ಮಾರ್ಗಸೂಚಿ ಹೇಳುತ್ತದೆ. ಇದನ್ನು ಓದಿ, ‘ಈಗ ತಾನೇ 5 ಎಂದಿರಿ’ ಎಂದು ಗಾಬರಿಯಾಗಬೇಡಿ. ಆ ದೊಡ್ಡ ಗುಂಪಿನಲ್ಲಿ ಮೊದಲಿನಿಂದಲೂ ಹೆಚ್ಚು ಅಪಾಯವಿದ್ದವರು, ಅಯೋಡಿನ್ ಕೊಟ್ಟ ಮೇಲೂ ಅಂಕಿ ಉಳಿದವರು ಎಲ್ಲ ಸೇರಿದ್ದಾರೆ. ಉಳಿದ 80ಕ್ಕೂ ಹೆಚ್ಚು ಜನರ ಅಂಕಿ ಹಾಗೇ ನಿಲ್ಲುತ್ತದೆ, ಇಲ್ಲವೇ ಯಾವ ಚಿಕಿತ್ಸೆಯೂ ಇಲ್ಲದೆ ಮೆಲ್ಲಗೆ ಇಳಿಯುತ್ತದೆ.

ಲ್ಯಾಬಿನ ಪಿಡಿಎಫ್ ರಾತ್ರಿ ಒಂಬತ್ತೂವರೆಗೆ ವಾಟ್ಸಾಪಿಗೆ ಬಂದು ಬೀಳುತ್ತದೆ. ತೆರೆದರೆ ಟಿಎಸ್‌ಎಚ್ 0.3ರ ಪಕ್ಕ ದಪ್ಪಕ್ಷರದಲ್ಲಿ ‘ಕಡಿಮೆ’ ಎಂಬ ಗುರುತು. ಥೈರೋಗ್ಲೋಬ್ಯುಲಿನ್ 0.6ರ ಪಕ್ಕವೂ ಅದೇ ಗುರುತು, ಎದುರಿಗೆ ‘3.5ರಿಂದ 77’ ಎಂಬಂಥ ಮಿತಿ. ಆ ಮಿತಿ ಕುತ್ತಿಗೆಯಲ್ಲಿ ಥೈರಾಯ್ಡ್ ಇರುವವರಿಗೆ. ಕಂಪ್ಯೂಟರಿಗೆ ನಿಮ್ಮ ಆಪರೇಷನ್ ವಿಷಯ ಗೊತ್ತಿಲ್ಲ. ಟಿಎಸ್‌ಎಚ್ ಕಡಿಮೆ ಇಟ್ಟಿರುವುದು ವೈದ್ಯರೇ, ಬೇಕೆಂದೇ: ಅಲ್ಪಸ್ವಲ್ಪ ಥೈರೋಗ್ಲೋಬ್ಯುಲಿನ್ ಕಾಣುತ್ತಿರುವ ಕಡಿಮೆ ಅಪಾಯದವರಲ್ಲಿ ಆರಂಭದಲ್ಲಿ 0.1ರಿಂದ 0.5ರ ನಡುವೆ ಇಡುವುದು ರೂಢಿ. ಲ್ಯಾಬಿನ ಗುರುತುಗಳು ನಿಮ್ಮ ಮಟ್ಟಿಗೆ ಅರ್ಥವಿಲ್ಲದವು, ಪೆನ್ನು ತಗೊಂಡು ಹೊಡೆದುಹಾಕಿ.

ಅಂಕಿಗಳನ್ನು ಹೋಲಿಸಬೇಕಾದರೆ ಅವು ಒಂದೇ ತಕ್ಕಡಿಯಲ್ಲಿ ತೂಗಿದ್ದಾಗಿರಬೇಕು. ಬೇರೆ ಬೇರೆ ಕಂಪನಿಯ ಯಂತ್ರಗಳು ಒಂದೇ ರಕ್ತಕ್ಕೆ ಬೇರೆ ಬೇರೆ ಥೈರೋಗ್ಲೋಬ್ಯುಲಿನ್ ಅಂಕಿ ಕೊಡುತ್ತವೆ. ಹಾವೇರಿಯಲ್ಲಿ 0.6, ಮುಂದಿನ ಸಲ ಹುಬ್ಬಳ್ಳಿಯ ಇನ್ನೊಂದು ಲ್ಯಾಬಿನಲ್ಲಿ 0.9 ಬಂದರೆ ಹೆಚ್ಚಾಗಿದೆ ಎನ್ನಲಾಗದು. ಒಂದೇ ಲ್ಯಾಬು, ಪ್ರತಿ ಸಲವೂ ಜೊತೆಗೆ ಆ್ಯಂಟಿ-ಥೈರೋಗ್ಲೋಬ್ಯುಲಿನ್ ಆ್ಯಂಟಿಬಾಡಿ ಮತ್ತು ಟಿಎಸ್‌ಎಚ್. ಆ್ಯಂಟಿಬಾಡಿ ಇದ್ದರೆ ಥೈರೋಗ್ಲೋಬ್ಯುಲಿನ್ ಅಂಕಿ ಸುಳ್ಳಾಗಿ ಕಡಿಮೆ ಕಾಣಬಹುದು. ಟಿಎಸ್‌ಎಚ್ ಏರಿದರೆ ಆ ಪ್ರಚೋದನೆಗೇ ಥೈರೋಗ್ಲೋಬ್ಯುಲಿನ್ ಸ್ವಲ್ಪ ಏರುತ್ತದೆ, ರೋಗವೇ ಹೆಚ್ಚಾಗಿರಬೇಕೆಂದಿಲ್ಲ. ಕೂದಲು ಉದುರುತ್ತದೆ ಎಂದು ಬಯೋಟಿನ್ ಮಾತ್ರೆ ತಗೊಳ್ಳುತ್ತಿದ್ದೀರಾ? ಆಪರೇಷನ್ ಆದ ಅನೇಕ ಹೆಂಗಸರು ತಗೊಳ್ಳುತ್ತಾರೆ, ವೈದ್ಯರಿಗೆ ಹೇಳುವುದಿಲ್ಲ. ಹಲವು ಯಂತ್ರಗಳ ಪರೀಕ್ಷಾ ವಿಧಾನದಲ್ಲೇ ಬಯೋಟಿನ್ ಬಳಕೆಯಾಗುವುದರಿಂದ ರಕ್ತದಲ್ಲಿ ಅದು ಹೆಚ್ಚಿದ್ದರೆ ಟಿಎಸ್‌ಎಚ್, ಥೈರೋಗ್ಲೋಬ್ಯುಲಿನ್ ಎರಡೂ ಸುಳ್ಳಾಗಿ ಕೆಳಗೆ, ಟಿ4 ಎಂಬ ಥೈರಾಯ್ಡ್ ಹಾರ್ಮೋನ್ ಸುಳ್ಳಾಗಿ ಮೇಲೆ ತೋರಿಸಬಹುದು. ರಕ್ತ ಕೊಡುವುದಕ್ಕೆ ಕನಿಷ್ಠ ಎರಡು ದಿನ ಮುಂಚೆ ನಿಲ್ಲಿಸಿ, ಡೋಸ್ ದೊಡ್ಡದಿದ್ದರೆ ಎಷ್ಟು ದಿನ ಎಂದು ಕೇಳಿಕೊಳ್ಳಿ.

ಒಂದು ನೋಟ್‌ಬುಕ್ಕಿನ ಎರಡು ಪುಟದಲ್ಲಿ ಅಡ್ಡಗೆರೆ ಹಾಕಿ: ತಾರೀಕು, ಲ್ಯಾಬು, ಮಾತ್ರೆ ಎಷ್ಟು ಮೈಕ್ರೋಗ್ರಾಂ, ಟಿಎಸ್‌ಎಚ್, ಥೈರೋಗ್ಲೋಬ್ಯುಲಿನ್, ಆ್ಯಂಟಿಬಾಡಿ, ಸ್ಕ್ಯಾನಿಂಗ್‌ನಲ್ಲಿ ಕಂಡದ್ದು. ಹತ್ತು ರಿಪೋರ್ಟುಗಳನ್ನು ಮಗುಚುವ ಬದಲು ವೈದ್ಯರು ಈ ಎರಡು ಪುಟವನ್ನು ಅರ್ಧ ನಿಮಿಷದಲ್ಲಿ ಓದುತ್ತಾರೆ, ಉಳಿದ ಸಮಯ ನಿಮ್ಮ ಪ್ರಶ್ನೆಗೆ ಸಿಗುತ್ತದೆ.

ಆ 6 ಮಿ.ಮೀ. ಗ್ರಂಥಿ

ಕುತ್ತಿಗೆಯಲ್ಲಿ ಎಲ್ಲರಿಗೂ ದುಗ್ಧರಸ ಗ್ರಂಥಿಗಳಿರುತ್ತವೆ, ನೂರಕ್ಕೂ ಹೆಚ್ಚು. ಹಲ್ಲು ನೋವು, ಗಂಟಲು ಕೆರೆತ, ತಲೆಯಲ್ಲಿ ಹೇನಿನ ಗಾಯ ಇದ್ದರೂ ಉಬ್ಬುತ್ತವೆ. ಸ್ಕ್ಯಾನಿಂಗ್ ಮಾಡುವವರು ಉದ್ದಕ್ಕಿಂತ ಆಕಾರ ನೋಡುತ್ತಾರೆ: ಹುರುಳಿಕಾಳಿನಂತೆ ಚಪ್ಪಟೆಯಾಗಿದ್ದು ನಡುವೆ ಕೊಬ್ಬಿನ ಬಿಳಿ ಗೆರೆ ಇದ್ದರೆ ಸಾಮಾನ್ಯವಾಗಿ ನಿರುಪದ್ರವಿ. ಗೋಲಿಯಂತೆ ಗುಂಡಗಾಗಿ, ಒಳಗೆ ಸುಣ್ಣದ ಚುಕ್ಕಿ ಅಥವಾ ನೀರು ತುಂಬಿದ ಪೊಟರೆ, ಅಂಚಿನ ಸುತ್ತ ರಕ್ತದ ಹರಿವು ಇದ್ದರೆ ಅನುಮಾನ. ನಿಮ್ಮ ಸ್ಕ್ಯಾನ್ ರಿಪೋರ್ಟಿನ ಆ ಸಾಲು ಓದಿ, ಈ ಅನುಮಾನದ ಪದಗಳಿಲ್ಲದಿದ್ದರೆ ಅದೇ ಒಂದು ಉತ್ತರ.

ಹಾಗಿದ್ದರೂ ಸೂಜಿ ಹಾಕಿ ನೋಡಿಬಿಡಬಾರದೇ ಎಂದು ನಿಮಗೆ ಅನ್ನಿಸುವುದು ಸಹಜ. ಅನುಮಾನದ ಲಕ್ಷಣವಿದ್ದರೂ ಗ್ರಂಥಿಯ ಕಿರಿದಾದ ಅಳತೆ 8ರಿಂದ 10 ಮಿ.ಮೀ. ದಾಟುವವರೆಗೆ ಸಾಮಾನ್ಯವಾಗಿ ಸೂಜಿ ಹಾಕುವುದಿಲ್ಲ. ಅದಕ್ಕಿಂತ ಸಣ್ಣದರಲ್ಲಿ ಕಣ ಸಿಕ್ಕರೂ ತಕ್ಷಣ ಆಪರೇಷನ್ ಮಾಡಿದ್ದರಿಂದ ಹೆಚ್ಚಿನ ಲಾಭವಿಲ್ಲ, ಗಾಯವಾದ ಜಾಗಕ್ಕೆ ಮತ್ತೆ ಕತ್ತಿ ಹಾಕುವ ಅಪಾಯ ಮಾತ್ರ ಹೆಚ್ಚು, ಮತ್ತು ಇಂಥವು ವರ್ಷಗಟ್ಟಲೆ ಬೆಳೆಯದೇ ಇರುವುದು ಸಾಮಾನ್ಯ. ಕಾಯುವುದು ನಿರ್ಲಕ್ಷ್ಯವಲ್ಲ ಎನ್ನುವುದಕ್ಕೆ ದೊಡ್ಡ ಸಾಕ್ಷಿ ಜಪಾನಿನದು. ಕೋಬೆ ನಗರದ ಕುಮಾ ಆಸ್ಪತ್ರೆಯಲ್ಲಿ 1993ರಿಂದ, 1 ಸೆಂ.ಮೀ. ಒಳಗಿನ ಪ್ಯಾಪಿಲರಿ ಕ್ಯಾನ್ಸರನ್ನು ಆಪರೇಷನ್ನೇ ಮಾಡದೆ ಸ್ಕ್ಯಾನಿಂಗ್‌ನಲ್ಲಿ ಗಮನಿಸುತ್ತ ಬಂದಿದ್ದಾರೆ. ಹತ್ತು ವರ್ಷದಲ್ಲಿ ಗಡ್ಡೆ 3 ಮಿ.ಮೀ. ಅಥವಾ ಹೆಚ್ಚು ಬೆಳೆದದ್ದು ನೂರಕ್ಕೆ 8 ಜನರಲ್ಲಿ, ಗ್ರಂಥಿಗಳಲ್ಲಿ ಕಾಣಿಸಿಕೊಂಡದ್ದು 4ಕ್ಕಿಂತ ಕಡಿಮೆ ಜನರಲ್ಲಿ. ಅವರಿಗೆ ಆಮೇಲೆ ಆಪರೇಷನ್ ಮಾಡಿದರು, ತಡವಾದದ್ದರಿಂದ ಅವರಿಗೆ ಕೆಡುಕಾಗಲಿಲ್ಲ. ನಿಮ್ಮದು ಅದೇ ಸ್ಥಿತಿ ಅಲ್ಲ, ಆದರೆ ಈ ರೋಗ ನಡೆಯುವ ವೇಗ ಎಂಥದ್ದು ಎಂದು ಅದರಿಂದ ತಿಳಿಯುತ್ತದೆ. ಆರು ತಿಂಗಳು ಅದರ ಲೆಕ್ಕದಲ್ಲಿ ಚಿಕ್ಕ ಅವಧಿ.

ಅಯೋಡಿನ್ ಯಾಕೆ ಕೊಡಲಿಲ್ಲ ಎಂದು ನೆಂಟರು ಕೇಳಿದರೆ ಹೇಳಬಹುದಾದದ್ದು ಇಷ್ಟು: ಅದು ಹೆಚ್ಚುವರಿ ವಿಮೆ ಅಲ್ಲ. ಜೊಲ್ಲುಗ್ರಂಥಿ ಊದಿಕೊಳ್ಳುವುದು, ಬಾಯಿ ಒಣಗುವುದು, ಡೋಸ್ ಹೆಚ್ಚಿದಂತೆ ಮುಂದೆಂದೋ ಬೇರೆ ಕ್ಯಾನ್ಸರಿನ ಚಿಕ್ಕ ಅಪಾಯ ಅದರ ಜೊತೆಗೇ ಬರುತ್ತವೆ. ಲಾಭ ಖಚಿತವಿದ್ದಲ್ಲಿ ಮಾತ್ರ ಆ ಬೆಲೆ ತೆರಬೇಕು. ಬೇಕು ಎನಿಸಿದರೆ ಮುಂದೆಯೂ ಕೊಡಬಹುದು, ಬಸ್ಸೇನೂ ತಪ್ಪಿಹೋಗಿಲ್ಲ.

ಕೈ ಮುಟ್ಟುವ ಕುತ್ತಿಗೆ

ಕನ್ನಡಿ ಮುಂದೆ ನಿಂತು ನೀವು ಏನೇನು ಮುಟ್ಟುತ್ತಿದ್ದೀರಿ ಎಂದು ಊಹಿಸಬಹುದು. ದವಡೆ ಮೂಳೆಯ ಕೆಳಗೆ, ಎರಡೂ ಬದಿ ಕಡಲೆಗಿಂತ ದೊಡ್ಡದಾಗಿ ಜಾರುವ ಉಂಡೆ ಜೊಲ್ಲುಗ್ರಂಥಿ. ಅದರ ಸ್ವಲ್ಪ ಕೆಳಗೆ ಬದಿಯಲ್ಲಿ ಮಿಡಿಯುತ್ತಿರುವುದು ತಲೆಗೆ ರಕ್ತ ಒಯ್ಯುವ ರಕ್ತನಾಳ. ನಡುವೆ, ನುಂಗಿದಾಗ ಮೇಲೆ ಕೆಳಗೆ ಆಡುವ ಗಟ್ಟಿ ಉಂಗುರ ಶ್ವಾಸನಾಳದ ಮೃದ್ವಸ್ಥಿ. ಮೊದಲು ಥೈರಾಯ್ಡ್ ಅದರ ಮೇಲೆ ಹೊದ್ದುಕೊಂಡಿತ್ತು, ಈಗ ನೇರ ಬೆರಳಿಗೆ ಸಿಗುತ್ತದೆ, ಆದ್ದರಿಂದ ಹೊಸದೆನಿಸುತ್ತದೆ. ಇನ್ನು ಗಾಯದ ಗೆರೆಯ ಕೆಳಗಿನ ಹಗ್ಗದಂಥ ಗಡಸು, ನುಂಗುವಾಗ ಚರ್ಮ ಒಳಕ್ಕೆ ಎಳೆದಂತಾಗುವುದು, ಇವು ಗಾಯ ಮಾಗುವ ರೀತಿ. ಎರಡು ಮೂರು ತಿಂಗಳಿಗೆ ಅತಿ ಗಡಸಾಗಿ, ವರ್ಷದೊಳಗೆ ಮೆತ್ತಗಾಗುತ್ತ ಬರುತ್ತದೆ. ಬೆರಳಿನಿಂದ ದಿನವೂ ಒತ್ತಿದ ಜಾಗ ನೋಯುತ್ತದೆ, ನೋಯುವುದರಿಂದ ಮತ್ತೆ ಒತ್ತಬೇಕೆನಿಸುತ್ತದೆ.

ಮುಟ್ಟಿ ನೋಡಿದ ಮೇಲೆ ಹತ್ತು ನಿಮಿಷ ಸಮಾಧಾನ, ಆಮೇಲೆ ‘ಸರಿಯಾಗಿ ನೋಡಿದೆನಾ’ ಎಂಬ ಅನುಮಾನ. ಆ ಹತ್ತು ನಿಮಿಷದ ಸಮಾಧಾನವೇ ಮನಸ್ಸಿಗೆ ಚಟ ಹಿಡಿಸುವುದು. ಆದ್ದರಿಂದ ಒಮ್ಮೆಲೇ ಬಿಡಲು ಹೋಗಬೇಡಿ, ಸೋಲುತ್ತೀರಿ. ಈ ವಾರ ದಿನಕ್ಕೆ ನಾಲ್ಕು ಸಲ, ಗಡಿಯಾರ ನೋಡಿ. ಮುಂದಿನ ವಾರ ಎರಡು. ಆಮೇಲೆ ವಾರಕ್ಕೊಮ್ಮೆ, ಕೊನೆಗೆ ತಿಂಗಳಿಗೊಮ್ಮೆ ಎಣ್ಣೆ ಹಚ್ಚಿ ತಲೆಸ್ನಾನ ಮಾಡುವ ದಿನ. ನಡುವೆ ಕೈ ಹೋದರೆ ಕೈಯನ್ನು ಬೇರೆಡೆ ಇಡಿ, ಚಡಪಡಿಕೆ ಏರುತ್ತದೆ, ಹದಿನೈದು ಇಪ್ಪತ್ತು ನಿಮಿಷದಲ್ಲಿ ತಾನಾಗಿ ಇಳಿಯುತ್ತದೆ. ಇಳಿಯುತ್ತದೆ ಎಂದು ಒಮ್ಮೆ ಅನುಭವಕ್ಕೆ ಬಂದರೆ ಎರಡನೇ ಸಲ ಸುಲಭ.

ಕಾಯದೆ ಹೋಗಲೇಬೇಕಾದ ಸಂದರ್ಭಗಳೂ ಇವೆ. ಎರಡು ಮೂರು ವಾರವಾದರೂ ಹೋಗದ ಅಥವಾ ಬೆಳೆಯುತ್ತಿರುವ ಹೊಸ ಗಂಟು, ನೆಗಡಿಯಿಲ್ಲದೆ ಹೊಸದಾಗಿ ಒಡೆದ ಧ್ವನಿ, ನುಂಗಲು ಕಷ್ಟ ಕಂಡರೆ ಆರು ತಿಂಗಳ ಲೆಕ್ಕ ಬೇಡ, ಫೋನ್ ಮಾಡಿ. ಉಸಿರಾಟಕ್ಕೆ ಅಡ್ಡಿ, ತುಟಿಯ ಸುತ್ತ ಮತ್ತು ಬೆರಳ ತುದಿಯಲ್ಲಿ ಜುಮುಜುಮು, ಕೈ ಸೆಟೆದುಕೊಳ್ಳುವುದು ಅದೇ ದಿನ ತೋರಿಸಬೇಕಾದವು. ಕೊನೆಯ ಎರಡು ಕ್ಯಾಲ್ಸಿಯಂ ಇಳಿದಿರುವುದರ ಸೂಚನೆ, ಕ್ಯಾನ್ಸರಿನದ್ದಲ್ಲ.

ಆತಂಕ ನಿಮ್ಮದೋ, ಮಾತ್ರೆಯದ್ದೋ?

ಇದನ್ನು ಬಹಳ ಜನ ಕೇಳುವುದೇ ಇಲ್ಲ, ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ. ನೀವು ದಿನವೂ ನುಂಗುವ ಥೈರಾಯ್ಡ್ ಹಾರ್ಮೋನ್ ಮಾತ್ರೆ ಲೆವೊಥೈರಾಕ್ಸಿನ್‌ನ ಡೋಸ್ ಜಾಸ್ತಿಯಾದರೆ ಎದೆ ಹೊಡೆದುಕೊಳ್ಳುತ್ತದೆ, ಕೈ ನಡುಗುತ್ತದೆ, ಬೆವರುತ್ತದೆ, ರಾತ್ರಿ ಎರಡು ಗಂಟೆಗೆ ಎಚ್ಚರವಾಗುತ್ತದೆ. ಕಡಿಮೆಯಾದರೆ ಮಂಕು, ಅಳು, ಯಾವುದರಲ್ಲೂ ಮನಸ್ಸಿಲ್ಲದಿರುವಿಕೆ, ಮೈ ಭಾರ. ಎರಡನ್ನೂ ‘ಕ್ಯಾನ್ಸರ್ ಭಯ’ ಎಂದು ತಿಳಿದು ವರ್ಷಗಟ್ಟಲೆ ಒದ್ದಾಡುವವರಿದ್ದಾರೆ. ನಿಮ್ಮ ಟಿಎಸ್‌ಎಚ್ 0.3 ವೈದ್ಯರ ಗುರಿಯೊಳಗೇ ಇದೆ, ಆದರೂ ಕೆಲವರ ಮೈಗೆ ಅಷ್ಟೂ ಹೆಚ್ಚೇ. ಬೆಳಿಗ್ಗೆ ಏಳುವ ಮೊದಲು, ಮಂಚದಲ್ಲೇ, ಒಂದು ನಿಮಿಷದ ನಾಡಿ ಎಣಿಸಿ ಒಂದು ವಾರ ಬರೆದಿಡಿ. ದಿನವೂ 90ರ ಮೇಲಿದ್ದರೆ, ನಡುಕವೂ ಇದ್ದರೆ, ಆ ಹಾಳೆ ತಗೊಂಡು ವೈದ್ಯರ ಬಳಿ ಹೋಗಿ. ನೀವಾಗಿಯೇ ಮಾತ್ರೆ ಅರ್ಧ ಮಾಡಬೇಡಿ. ಎರಡನೇ ಪರೀಕ್ಷೆಯಲ್ಲೂ ಎಲ್ಲ ಸರಿ ಎಂದಾದರೆ ಗುರಿಯನ್ನು 0.5ರಿಂದ 2ಕ್ಕೆ ಸಡಿಲಿಸುವುದು ಸಾಮಾನ್ಯ, ಏಕೆಂದರೆ ವರ್ಷಗಟ್ಟಲೆ ಟಿಎಸ್‌ಎಚ್ ಒತ್ತಿಹಿಡಿದರೆ ಹೃದಯದ ಲಯ, ಮೂಳೆಯ ಗಟ್ಟಿತನ ಎರಡಕ್ಕೂ ಪೆಟ್ಟು.

ಮಾತ್ರೆ ದಿನಕ್ಕೊಂದು ರೀತಿ ಹೀರಿದರೆ ಟಿಎಸ್‌ಎಚ್ ಕುಣಿಯುತ್ತದೆ. ಎದ್ದ ಕೂಡಲೇ ಖಾಲಿ ಹೊಟ್ಟೆಗೆ ಬರೀ ನೀರಿನಲ್ಲಿ, ಆಮೇಲೆ ಅರ್ಧದಿಂದ ಒಂದು ಗಂಟೆ ಕಾಫಿ-ಟೀ ಬೇಡ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳಿಗೆ ನಾಲ್ಕು ಗಂಟೆಯ ಅಂತರ; ಮಧ್ಯಾಹ್ನದ ಊಟದ ನಂತರ ಇಟ್ಟುಕೊಂಡರೆ ಮರೆಯುವುದಿಲ್ಲ. ಡಬ್ಬಿ ಒಲೆಯ ಪಕ್ಕದ ಗೂಡಿನಲ್ಲಿ ಬೇಡ, ಶಾಖ ಮತ್ತು ತೇವಕ್ಕೆ ಮಾತ್ರೆಯ ಶಕ್ತಿ ಇಳಿಯುತ್ತದೆ. ಮೆಡಿಕಲ್ ಶಾಪಿನವರು ಬೇರೆ ಬ್ರ್ಯಾಂಡ್ ಕೊಟ್ಟರೆ ಕೇಳಿ, ಬದಲಾಯಿಸಲೇಬೇಕಾದರೆ 6ರಿಂದ 8 ವಾರಕ್ಕೆ ಟಿಎಸ್‌ಎಚ್ ನೋಡಿಸಿ. ಈ ಔಷಧ ದೇಹದಲ್ಲಿ ಅರ್ಧವಾಗಲು ಸುಮಾರು ಏಳು ದಿನ ಬೇಕು, ಆದ್ದರಿಂದ ಡೋಸ್ ಬದಲಿಸಿದ ಮರುವಾರವೇ ಪರೀಕ್ಷೆ ಮಾಡಿಸಿ ಪ್ರಯೋಜನವಿಲ್ಲ. ಅಶ್ವಗಂಧ, ಸಮುದ್ರ ಪಾಚಿಯ ಪುಡಿ ಇಂಥವನ್ನು ಯಾರಾದರೂ ಒಳ್ಳೆಯ ಮನಸ್ಸಿನಿಂದ ಕೊಟ್ಟಿದ್ದರೆ ವೈದ್ಯರಿಗೆ ತೋರಿಸದೆ ತಗೊಳ್ಳಬೇಡಿ, ಅವು ಥೈರಾಯ್ಡ್ ಲೆಕ್ಕವನ್ನು ಕೆಡಿಸಬಲ್ಲವು.

ರಾತ್ರಿ ಎರಡು ಗಂಟೆ

ಚಿಂತೆ ಮಾಡಬೇಡ ಎಂದರೆ ಚಿಂತೆ ನಿಲ್ಲುವುದಿಲ್ಲ. ಅದಕ್ಕೊಂದು ಹೊತ್ತು ಗೊತ್ತು ಮಾಡಿದರೆ ಬಗ್ಗುತ್ತದೆ. ಶಾಲೆಯಿಂದ ಬಂದು ಟೀ ಕುಡಿದ ಮೇಲೆ, ಸಂಜೆ ಐದೂವರೆಯಿಂದ ಐದು ಐವತ್ತು ಎಂದು ಇಟ್ಟುಕೊಳ್ಳಿ. ಮಲಗುವ ಕೋಣೆಯಲ್ಲಿ ಬೇಡ. ನೋಟ್‌ಬುಕ್ಕಿನ ಹಿಂಬದಿಯಲ್ಲಿ ತಲೆಗೆ ಬಂದದ್ದನ್ನೆಲ್ಲ ಒಂದೊಂದು ಸಾಲಿನಲ್ಲಿ ಬರೆಯಿರಿ. ‘ಗ್ರಂಥಿ ದೊಡ್ಡದಾಗಿದ್ದರೆ?’ ಇದಕ್ಕೆ ಉತ್ತರ ಬರುವ ತಾರೀಕಿದೆ, ಪಕ್ಕದಲ್ಲಿ ಮುಂದಿನ ಸ್ಕ್ಯಾನಿಂಗ್ ದಿನ ಬರೆಯಿರಿ. ‘ಸ್ಕ್ಯಾನ್‌ನಲ್ಲಿ ಆ ಗ್ರಂಥಿಯ ಆಕಾರ ಏನೆಂದಿತ್ತು?’ ಇದು ಕೇಳಬಹುದಾದದ್ದು, ವೈದ್ಯರ ಪುಟಕ್ಕೆ ಹೋಗಲಿ. ‘ಮಗಳ ಮದುವೆ ನೋಡುತ್ತೇನಾ?’ ಇದಕ್ಕೆ ತಾರೀಕೂ ಇಲ್ಲ, ಕೇಳುವವರೂ ಇಲ್ಲ. ಇದನ್ನು ಪ್ರಶ್ನೆ ಎಂದು ನೋಡಬೇಡಿ, ದುಃಖ ಎಂದು ನೋಡಿ. ಅಳು ಬಂದರೆ ಅತ್ತುಬಿಡಿ, ಗಂಡನಿಗೋ ಗೆಳತಿಗೋ ಆ ಸಾಲು ಓದಿ ಹೇಳಿ. ಉತ್ತರವಿಲ್ಲದ ಪ್ರಶ್ನೆಗೆ ಮೊಬೈಲಿನಲ್ಲಿ ಉತ್ತರ ಹುಡುಕುವುದೇ ರಾತ್ರಿ ನಿದ್ದೆ ಕೆಡಿಸುತ್ತಿರುವುದು.

ರಾತ್ರಿ ಎಚ್ಚರವಾದಾಗ ಅದೇ ಯೋಚನೆ ಬಂದರೆ ‘ನಾಳೆ ಐದೂವರೆಗೆ’ ಎಂದು ಒಂದು ಪದ ಚೀಟಿಯಲ್ಲಿ ಬರೆದು ಮಗುಚಿಡಿ. ಮೂಗಿನಿಂದ ನಾಲ್ಕು ಎಣಿಸುವಷ್ಟು ಉಸಿರು ಒಳಗೆ, ಆರು ಎಣಿಸುವಷ್ಟು ಹೊರಗೆ, ಐದು ನಿಮಿಷ. ಇಪ್ಪತ್ತು ನಿಮಿಷವಾದರೂ ನಿದ್ದೆ ಬರದಿದ್ದರೆ ಎದ್ದು ಹೊರಗೆ ಬಂದು ಮಂದ ಬೆಳಕಿನಲ್ಲಿ ಕೂತು, ತೂಕಡಿಕೆ ಬಂದಾಗ ಮರಳಿ. ಮೊಬೈಲ್ ಚಾರ್ಜಿಗೆ ಅಡುಗೆಮನೆಯಲ್ಲಿ ಇರಲಿ. ಮೊದಲ ಹತ್ತು ದಿನ ಇದು ಕೆಲಸ ಮಾಡುತ್ತಿಲ್ಲ ಎನಿಸುತ್ತದೆ, ಮೂರನೇ ವಾರದ ಹೊತ್ತಿಗೆ ಹಿಡಿತಕ್ಕೆ ಬರುವುದು ಸಾಮಾನ್ಯ.

ಹುಡುಕಲೇಬೇಕೆಂದರೆ ವಾರಕ್ಕೊಮ್ಮೆ ಅರ್ಧ ಗಂಟೆ, ಹಗಲಿನಲ್ಲಿ. ಥೈರಾಯ್ಡ್ ಕ್ಯಾನ್ಸರ್ ಎಂದು ಹುಡುಕಿದರೆ ಮೆಡುಲರಿ, ಅನಾಪ್ಲಾಸ್ಟಿಕ್ ಎಂಬ ಬೇರೆಯೇ ರೋಗಗಳ ಅಂಕಿಯೂ ಒಟ್ಟಿಗೆ ಬರುತ್ತದೆ. ತೊಂದರೆಯಿದ್ದವರೇ ಹೆಚ್ಚು ಬರೆಯುತ್ತಾರೆ, ವಾಸಿಯಾದವರು ಕೆಲಸಕ್ಕೆ ಹೋಗಿರುತ್ತಾರೆ.

ಪರೀಕ್ಷೆಯ ವಾರಕ್ಕೆ ಬೇರೆ ಏರ್ಪಾಡು ಬೇಕು. ರಕ್ತ ಕೊಡುವ ದಿನಕ್ಕೂ ವೈದ್ಯರನ್ನು ಕಾಣುವ ದಿನಕ್ಕೂ ಎರಡು ಮೂರು ದಿನಕ್ಕಿಂತ ಹೆಚ್ಚು ಅಂತರ ಇಲ್ಲದಂತೆ ಮೊದಲೇ ಹೆಸರು ಬರೆಸಿ. ಲ್ಯಾಬಿನಲ್ಲಿ ಗಂಡನ ನಂಬರ್ ಕೊಡಿ, ವೈದ್ಯರ ಎದುರು ಕೂತಾಗಲೇ ರಿಪೋರ್ಟ್ ತೆರೆಯುವುದು ಎಂದು ಇಬ್ಬರೂ ಒಪ್ಪಿಕೊಳ್ಳಿ. ಅಂದು ಅವರು ಪಕ್ಕದಲ್ಲಿ ಕೂತು ಬರೆದುಕೊಳ್ಳಲಿ. ಭಯದಲ್ಲಿರುವವರ ಕಿವಿಗೆ ಅರ್ಧ ಮಾತು ಬೀಳುವುದಿಲ್ಲ.

ಎರಡು ವಾರಕ್ಕಿಂತ ಹೆಚ್ಚು ಕಾಲ ಊಟ ಸೇರದಿದ್ದರೆ, ಪಾಠ ಮಾಡಲು ಆಗದಿದ್ದರೆ, ಮಗಳ ಮಾತಿಗೂ ಸಿಡುಕುವಂತಾದರೆ ಇದು ಚಿಂತೆಯ ಗಡಿ ದಾಟಿದೆ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಹೋಗಿ, ಇಲ್ಲವೇ ಟೆಲಿ ಮಾನಸ್ ಸಂಖ್ಯೆ 14416ಕ್ಕೆ ಕರೆ ಮಾಡಿ; ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಬದುಕೇ ಬೇಡ ಎನಿಸಿದರೆ ಎರಡು ವಾರ ಕಾಯಬೇಡಿ, ಆ ಕ್ಷಣವೇ ಮಾಡಿ, ಮನೆಯಲ್ಲಿ ಒಬ್ಬರಿಗೆ ಹೇಳಿ.

ಮಗಳು, ಎರಡನೇ ಮಗು, ವಿಮೆ

ಪ್ಯಾಪಿಲರಿ ಕ್ಯಾನ್ಸರ್ ಬಹುಪಾಲು ವಂಶದಿಂದ ಬರುವುದಲ್ಲ. ಮನೆಯಲ್ಲಿ ನೀವೊಬ್ಬರೇ ಎಂದಾದರೆ ಲಕ್ಷಣವಿಲ್ಲದ ಮಗಳಿಗೆ ಸ್ಕ್ಯಾನಿಂಗ್ ಮಾಡಿಸಬೇಡಿ. ತಂದೆ-ತಾಯಿ, ಒಡಹುಟ್ಟಿದವರಲ್ಲಿ ಇನ್ನೂ ಯಾರಿಗಾದರೂ ಇದ್ದರೆ ಮಾತ್ರ ವೈದ್ಯರಿಗೆ ತಿಳಿಸಿ. ‘ಒಮ್ಮೆ ನೋಡಿಸಿಬಿಡೋಣ’ ಎನ್ನುವುದು ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ ದಕ್ಷಿಣ ಕೊರಿಯಾ ಇದೆ: ಆರೋಗ್ಯವಂತರಿಗೂ ಕುತ್ತಿಗೆ ಸ್ಕ್ಯಾನಿಂಗ್ ಮಾಡತೊಡಗಿದ ಮೇಲೆ ಅಲ್ಲಿ 1993ರಿಂದ 2011ರೊಳಗೆ ಥೈರಾಯ್ಡ್ ಕ್ಯಾನ್ಸರ್ ಪತ್ತೆ 15 ಪಟ್ಟು ಏರಿತು, ಸಾವಿನ ಪ್ರಮಾಣ ಕದಲಲಿಲ್ಲ. ತೊಂದರೆ ಕೊಡದೇ ಇರುತ್ತಿದ್ದ ಕಣಗಳಿಗಾಗಿ ಸಾವಿರಾರು ಜನ ಥೈರಾಯ್ಡ್ ಗ್ರಂಥಿ ಕಳೆದುಕೊಂಡರು.

ಎರಡನೇ ಮಗುವಿನ ಆಸೆ ಬಿಡಬೇಕಿಲ್ಲ. ಅಯೋಡಿನ್ ತಗೊಂಡವರು ಆರು ತಿಂಗಳಿಂದ ಒಂದು ವರ್ಷ ಕಾಯಬೇಕು, ನಿಮಗೆ ಆ ಕಟ್ಟುಪಾಡಿಲ್ಲ. ಮುಂದಿನ ಥೈರೋಗ್ಲೋಬ್ಯುಲಿನ್ ನೋಡಿ ಮುಂದುವರಿಯುವುದು ಒಳ್ಳೆಯದು, ಮನಸ್ಸಿನ ನೆಮ್ಮದಿಗೂ ಸೇರಿ. ಗರ್ಭ ನಿಂತಿದೆ ಎಂದು ಗೊತ್ತಾದ ದಿನವೇ ವೈದ್ಯರಿಗೆ ಹೇಳಿ: ಥೈರಾಯ್ಡ್ ಇಲ್ಲದವರಿಗೆ ಮಾತ್ರೆ ನೂರಕ್ಕೆ 25ರಿಂದ 30ರಷ್ಟು ಹೆಚ್ಚಿಸಬೇಕಾಗುತ್ತದೆ, ವಾರಕ್ಕೆ ಏಳರ ಬದಲು ಒಂಬತ್ತು ಮಾತ್ರೆ ಎಂದು ಸಾಮಾನ್ಯವಾಗಿ ಆರಂಭಿಸುತ್ತಾರೆ. ಅರ್ಧ ಗರ್ಭಾವಧಿಯವರೆಗೆ ಸುಮಾರು ನಾಲ್ಕು ವಾರಕ್ಕೊಮ್ಮೆ ಟಿಎಸ್‌ಎಚ್.

ನಿಮಗೆ ಗಂಭೀರ ಕಾಯಿಲೆ ವಿಮೆ ಇದ್ದರೆ ಇದೊಂದನ್ನು ಗಮನಿಸಿ. ವಿಮಾ ನಿಯಂತ್ರಣ ಪ್ರಾಧಿಕಾರದ ವ್ಯಾಖ್ಯೆ ಟಿ1 ಎನ್0 ಎಂ0 (ಚಿಕ್ಕ ಗಡ್ಡೆ, ದುಗ್ಧರಸ ಗ್ರಂಥಿಗೂ ದೂರದ ಅಂಗಕ್ಕೂ ಹರಡದ) ಥೈರಾಯ್ಡ್ ಕ್ಯಾನ್ಸರನ್ನು ಪರಿಹಾರದಿಂದ ಹೊರಗಿಡುತ್ತದೆ. ನಿಮ್ಮದರಲ್ಲಿ ಗ್ರಂಥಿಯ ಕಣಗಳಿಂದಾಗಿ ಎನ್1 ಇದೆ. ‘ಥೈರಾಯ್ಡ್‌ಗೆ ಸಿಗಲ್ಲ’ ಎಂದು ಏಜೆಂಟ್ ಹೇಳಿದ ಮಾತಿಗೆ ಬಿಡದೆ ಬಯಾಪ್ಸಿ ರಿಪೋರ್ಟಿನ ಪ್ರತಿ ಇಟ್ಟು ಅರ್ಜಿ ಹಾಕಿ.

ಆರು ತಿಂಗಳ ನಂತರ ಏನಾಗಬಹುದು

ಅಂಕಿ 0.4 ಬರಲಿ, 0.7 ಬರಲಿ, ಎರಡೂ 0.6ರ ನೆರೆಹೊರೆಯೇ, ಯಂತ್ರದ ಏರುಪೇರು ಅಷ್ಟಿರುತ್ತದೆ. ಗ್ರಂಥಿಯೂ 5, 7 ಮಿ.ಮೀ. ಎಂದು ಆಚೀಚೆಯಾದರೆ ಅಳೆದವರ ಕೈ ವ್ಯತ್ಯಾಸವಿರಬಹುದು. ಟಿಎಸ್‌ಎಚ್ ಅಷ್ಟೇ ಇದ್ದು, ಅದೇ ಲ್ಯಾಬಿನಲ್ಲಿ, ಎರಡು ಮೂರು ಸಲ ಸತತ ಏರುತ್ತ 0.6, 1.3, 2.8 ಎಂದು ಸಾಗಿದರೆ ಆಗ ಹುಡುಕಾಟ ಶುರು: ಪರಿಣತರಿಂದ ಮತ್ತೊಂದು ಸ್ಕ್ಯಾನಿಂಗ್, ಬೇಕಾದರೆ ಸೂಜಿ ಪರೀಕ್ಷೆ, ಆಮೇಲೆ ಆಪರೇಷನ್ನೋ ಅಯೋಡಿನ್ನೋ ಎಂಬ ತೀರ್ಮಾನ. ಆ ದಿನ ವೈದ್ಯರ ಪುಟದಲ್ಲಿ ಇವಿಷ್ಟು ಬರೆದುಕೊಂಡು ಹೋಗಿ: ಈಗ ನನ್ನನ್ನು ಯಾವ ಗುಂಪಿನಲ್ಲಿ ಇಟ್ಟಿದ್ದೀರಿ, ಟಿಎಸ್‌ಎಚ್ ಗುರಿ ಎಷ್ಟು, ಯಾವ ಅಂಕಿ ದಾಟಿದರೆ ಏನು ಮಾಡುತ್ತೀರಿ, ಮುಂದಿನ ತಪಾಸಣೆ ಯಾವಾಗ. ಮೂರನೆಯದನ್ನು ಬಿಡಲೇಬೇಡಿ. ‘ನೋಡೋಣ’ ಎಂದರೆ, ‘ಎಷ್ಟಾದರೆ ಸಾರ್?’ ಎಂದು ಇನ್ನೊಮ್ಮೆ ಕೇಳಿ, ಅವರು ಹೇಳಿದ ಅಂಕಿಯನ್ನು ಅಲ್ಲೇ ಬರೆದುಕೊಳ್ಳಿ.